ಐವತ್ತೈದರ ಬ್ಯಾಂಡು

ಎಂಎಸ್ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಗೈಡ್ ಮೇಡಂ ಕೊಟ್ಟ ಕೆಲಸ ಕೇಳುವುದಕ್ಕೆ ಬಹಳ ಸುಲಭ. ಜೀವಕೋಶದೊಳಗೆ ಸಿಡಿಕೆ1 ಅಂತ ಒಂದು ಪ್ರೋಟೀನ್, ಸೈಕ್ಲಿನ್ ಬಿ1 ಅಂತ ಇನ್ನೊಂದು. ಇವೆರಡೂ ಜೋಡಿಯಾಗದೆ ಕೋಶ ಎರಡಾಗಲು ಹೊರಡುವುದೇ ಇಲ್ಲ. ಆ ಜೋಡಿಯನ್ನು ತೋರಿಸಬೇಕು. ಯಾವಾಗ ಹಿಡಿದುಕೊಂಡಿರುತ್ತವೆ, ಯಾವಾಗ ಬಿಟ್ಟಿರುತ್ತವೆ ಅನ್ನುವುದನ್ನೂ ತೋರಿಸಬೇಕು. "ಹೊಸದೇನೂ ಕಂಡುಹಿಡಿಯೋದು ಬೇಡಮ್ಮ. 1980ರ ದಶಕದಲ್ಲೇ ಗೊತ್ತಾಗಿರೋ ವಿಷಯ. ನಿನ್ನ ಕೈಗೆ ಬರುತ್ತಾ ನೋಡೋಣ" ಅಂದರು ಮೇಡಂ.

ಎರಡು ವಾರ ಸಾಕು ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಕೋಶ ಹೀಗೆ ಎರಡಾಗುವುದಕ್ಕೆ ಮೈಟೋಸಿಸ್ ಅಂತಾರೆ. ಅಲ್ಲಿಯವರೆಗೆ ನನಗೆ ಮೈಟೋಸಿಸ್ ಅಂದರೆ ಈರುಳ್ಳಿ ಬೇರು. ಬಿಎಸ್ಸಿ ಓದಿದವರೆಲ್ಲ ಮಾಡಿರುತ್ತೀರಿ. ದೇವರಾಜ ಮಾರುಕಟ್ಟೆಯಿಂದ ಸಣ್ಣ ಈರುಳ್ಳಿ ತಂದು, ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿ, ಬೇರು ಬಂದ ಮೇಲೆ ತುದಿ ಕತ್ತರಿಸಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ಲೈಡಿನ ಮೇಲೆ ಹೆಬ್ಬೆರಳಲ್ಲಿ ಒತ್ತುವುದು. ಕೆಂಪು ಕ್ರೋಮೊಸೋಮುಗಳು ಕಾಣುತ್ತಿದ್ದವು. ಚಿತ್ರ ಬರೆದು ಅಂಕ ತಗೊಳ್ಳುತ್ತಿದ್ದೆವು. ಪಕ್ಕಪಕ್ಕದ ಎರಡು ಕೋಶಗಳಲ್ಲಿ ಒಂದು ಶುರು ಹಚ್ಚಿಕೊಂಡಿದೆ, ಇನ್ನೊಂದು ಸುಮ್ನೆ ಕೂತಿದೆ. ಯಾಕೆ? ಆ ಪ್ರಶ್ನೆ ಒಂದು ದಿನಕ್ಕೂ ನನ್ನ ತಲೆಗೆ ಬಂದಿರಲಿಲ್ಲ.

ಜೋಡಿ ತೋರಿಸುವ ವಿಧಾನಕ್ಕೆ ಕೋ-ಐಪಿ ಅಂತಾರೆ. ಕೋಶಗಳನ್ನು ಒಡೆದು ಒಳಗಿನ ರಸ ತೆಗೆಯಬೇಕು. ಒಂದು ಪ್ರೋಟೀನನ್ನು ಮಾತ್ರ ಗುರುತು ಹಿಡಿಯುವ ಆಂಟಿಬಾಡಿ ಹಾಕಬೇಕು. ಆ ಆಂಟಿಬಾಡಿಯನ್ನು ಕಚ್ಚಿಕೊಳ್ಳುವ ಬೀಡ್ಸ್ ಹಾಕಿ, ಎಲ್ಲವನ್ನೂ ಟ್ಯೂಬಿನ ತಳಕ್ಕೆ ಎಳೆಯಬೇಕು. ಸಿಕ್ಕ ಪ್ರೋಟೀನಿನ ಜೊತೆ ಇನ್ಯಾರಾದರೂ ಬಂದಿದ್ದಾರಾ ಅಂತ ಆಮೇಲೆ ಜೆಲ್ ಓಡಿಸಿ (ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡಿ), ಬ್ಲಾಟ್ ಮಾಡಿ (ಬೇಕಾದದ್ದನ್ನು ಇನ್ನೊಂದು ಆಂಟಿಬಾಡಿಯಿಂದ ಗುರುತು ಹಿಡಿದು) ನೋಡಬೇಕು. ಸಿಡಿಕೆ1 ಎಳೆದಾಗ ಸೈಕ್ಲಿನ್ ಬಿ1 ಕೂಡ ಬಂತು ಅಂದರೆ ಅವೆರಡೂ ಒಳಗೆ ಜೊತೆಗಿದ್ದವು ಅಂತ ಲೆಕ್ಕ.

ಮೊದಲ ಸಲ ಏನೂ ಬರಲಿಲ್ಲ. ತಪ್ಪು ನನ್ನದೇ. ಫ್ರಿಜ್ಜಿನಲ್ಲಿ ಯಾರೋ ಮಾಡಿಟ್ಟ ಬಫರ್ ಇತ್ತು, ಅದನ್ನೇ ಕೋಶಗಳ ಮೇಲೆ ಸುರಿದೆ. ಅದರಲ್ಲಿ ಶೇಕಡಾ 1ರಷ್ಟು ಎಸ್‌ಡಿಎಸ್ ಇತ್ತು. ಶಾಂಪೂ, ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವುದೂ ಅದೇ. ಅದು ಪ್ರೋಟೀನಿನ ಮಡಿಕೆಗಳನ್ನೇ ಬಿಚ್ಚಿಹಾಕುತ್ತದೆ, ಜೋಡಿ ಎಲ್ಲಿ ಉಳಿಯುತ್ತೆ? ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಹುಣಸೂರು ಕಡೆಯವರು, ಮಾತು ಯಾವಾಗಲೂ ಚುರುಕು. "ಮದುವೆ ಫೋಟೋ ತೆಗಿಯೇ ಅಂದ್ರೆ, ಮೊದ್ಲು ಡೈವೋರ್ಸ್ ಮಾಡ್ಸಿ ಆಮೇಲೆ ಕ್ಯಾಮರಾ ಹಿಡ್ಕೊಂಡು ಹೋಗಿದ್ದೀಯಲ್ಲೇ" ಅಂದರು.

ಅಕ್ಕ ಹೇಳಿಕೊಟ್ಟ ಮೇಲೆ ಎನ್‌ಪಿ-40 ಅನ್ನುವ ಮೆತ್ತಗಿನ ಸೋಪು ಹಾಕಿ ಬೇರೆ ಬಫರ್ ಮಾಡಿದೆ. ಐಸಿನ ಮೇಲೇ ಎಲ್ಲ ಕೆಲಸ. ಬೀಡ್ಸ್ ಎಳೆಯುವ ಪಿಪೆಟ್ ಟಿಪ್ಪಿನ ಮೂತಿಯನ್ನು ಕತ್ತರಿಯಲ್ಲಿ ಸ್ವಲ್ಪ ಕತ್ತರಿಸಿಕೊಳ್ಳಬೇಕು ಅನ್ನುವುದನ್ನೂ ಆಗಲೇ ಕಲಿತಿದ್ದು. ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಸೋಡಿಯಂ ವನಡೇಟ್ ಅಂತ ಇನ್ನೊಂದು ತಾಪತ್ರಯ. ಪ್ರೋಟೀನಿನ ಮೇಲಿರುವ ಫಾಸ್ಫೇಟ್ ಗುರುತುಗಳನ್ನು ಕಿತ್ತುಹಾಕುವ ಕಿಣ್ವಗಳು ಕೋಶದಲ್ಲೇ ಇರುತ್ತವೆ. ಕೋಶ ಒಡೆದ ತಕ್ಷಣ ಅವು ತಮ್ಮ ಕೆಲಸ ಶುರು ಮಾಡುತ್ತವೆ. ಅವುಗಳಿಗೆ ತಡೆ ಈ ವನಡೇಟ್. ಅದನ್ನು ಪಿಎಚ್ 10ಕ್ಕೆ ತಂದು ಕುದಿಸಿದರೆ ಹಳದಿ ಹೋಗಿ ನೀರಿನಂತೆ ತಿಳಿಯಾಗುತ್ತೆ. ಆರಿಸಿ, ಪಿಎಚ್ ನೋಡಿ, ಮತ್ತೆ ಕುದಿಸಬೇಕು. ಒಂದು ಇಡೀ ಮಧ್ಯಾಹ್ನ ಅದರ ಬಣ್ಣ ನೋಡುತ್ತಾ ಕೂತಿದ್ದೆ. ಕಾಫಿಗೆ ಡಿಕಾಕ್ಷನ್ ಇಳಿಸಿದಷ್ಟು ಕೂಡ ಮಜಾ ಇಲ್ಲ.

ಎರಡನೇ ಸಲ ಬಂತು.

ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಫಿಲ್ಮನ್ನು ಡೆವಲಪರಿನಲ್ಲಿ ಆಡಿಸುತ್ತಿದ್ದೆ. ಮೊದಲು ಬೂದಿ ಬಣ್ಣದ ನೆರಳು, ಆಮೇಲೆ ದಪ್ಪ ಕಪ್ಪು ಪಟ್ಟಿ. ಅದಕ್ಕೇ ಬ್ಯಾಂಡ್ ಅನ್ನುವುದು. ಹೊರಗೆ ತಂದು, ತೂಕ ಗೊತ್ತಿರುವ ಪ್ರೋಟೀನುಗಳ ಮಾರ್ಕರಿಗೆ ಹೊಂದಿಸಿ ನೋಡಿದೆ. ಸರಿಯಾಗಿ 55 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ. ಸೈಕ್ಲಿನ್ ಬಿ1 ಜೆಲ್‌ನಲ್ಲಿ ನಿಲ್ಲುವುದು ಅಲ್ಲೇ. ರಾತ್ರಿ ಎಂಟೂವರೆ, ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಒಂದು ಸುತ್ತು ಕುಣಿದೆ. ಫಿಲ್ಮಿನ ಫೋಟೋ ತೆಗೆದು ಮೇಡಂಗೆ ವಾಟ್ಸಾಪ್ ಮಾಡಿದೆ. ಅವರು ಒಂದು ಹೆಬ್ಬೆರಳು ಕಳಿಸಿದರು. ಸರಸ್ವತಿಪುರಂ ಪಿಜಿಗೆ ನಡೆದುಕೊಂಡು ಹೋಗುವಾಗ ದಾರಿಯಲ್ಲಿ ಎರಡು ಪ್ಲೇಟ್ ಚುರುಮುರಿ ತಿಂದೆ.

ಬೆಳಿಗ್ಗೆ ಅಕ್ಕ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

"ಐಜಿಜಿ ಕಂಟ್ರೋಲ್ ಎಲ್ಲಿ?"

ಹಾಕಿರಲಿಲ್ಲ. ಐಜಿಜಿ ಕಂಟ್ರೋಲ್ ಅಂದರೆ, ಯಾವ ಪ್ರೋಟೀನನ್ನೂ ಗುರಿ ಇಡದ ಸಾದಾ ಆಂಟಿಬಾಡಿ ಹಾಕಿ ಇದೇ ಕೆಲಸವನ್ನು ಪೂರ್ತಿ ಇನ್ನೊಂದು ಸಲ ಮಾಡುವುದು. ಅಲ್ಲಿ ಏನೂ ಬರಬಾರದು. ಏನೂ ಬರಬಾರದ ಲೇನಿಗೆ (ಜೆಲ್ಲಿನ ಒಂದು ಓಣಿಗೆ) ಯಾಕೆ ಬೀಡ್ಸ್ ದಂಡ ಮಾಡೋದು ಅಂತ ಉಳಿಸಿದ್ದೆ. ಆಂಟಿಬಾಡಿಯ ಪುಟಾಣಿ ಬಾಟಲಿಗೆ ನನ್ನ ಆರು ತಿಂಗಳ ಪಿಜಿ ಬಾಡಿಗೆಯಷ್ಟು ಬೆಲೆ. ಅದನ್ನು ಮುಟ್ಟುವಾಗಲೇ ಕೈ ನಡುಗುತ್ತಿತ್ತು.

"ನೋಡು, ನೀನು ತಗೊಂಡಿರೋದು ಎಲ್ಲ ಬೆರೆತ ಕೋಶಗಳು. ಅದ್ರಲ್ಲಿ ನೂರಕ್ಕೆ ನಾಲ್ಕೋ ಐದೋ ಮಾತ್ರ ಮೈಟೋಸಿಸ್‌ನಲ್ಲಿ ಇರ್ತವೆ. ಸೈಕ್ಲಿನ್ ಬಿ ಇಷ್ಟು ದಪ್ಪ ಬರಕ್ಕೆ ಸಾಧ್ಯನೇ ಇಲ್ಲ. ಇದು ನಿನ್ನ ಆಂಟಿಬಾಡಿನೇ ಕಣೇ."

ಆಂಟಿಬಾಡಿಯೂ ಒಂದು ಪ್ರೋಟೀನು ತಾನೇ. ಜೆಲ್‌ಗೆ ಹಾಕುವ ಮೊದಲು ಕುದಿಸಿದಾಗ ಅದು ತುಂಡಾಗುತ್ತದೆ. ದೊಡ್ಡ ತುಂಡು, ಹೆವಿ ಚೈನ್, 50ರಿಂದ 55 ಕಿಲೋಡಾಲ್ಟನ್. ಚಿಕ್ಕದು 25. ನಾನು ಇಲಿಯ ಆಂಟಿಬಾಡಿಯಲ್ಲಿ ಸಿಡಿಕೆ1 ಎಳೆದಿದ್ದೆ. ಬ್ಲಾಟಿಗೂ ಇಲಿಯ ಆಂಟಿಬಾಡಿಯನ್ನೇ ಬಳಸಿದ್ದೆ. ಕೊನೆಯಲ್ಲಿ ಹಾಕಿದ, ಫಿಲ್ಮಿನಲ್ಲಿ ಗುರುತು ಮೂಡಿಸುವ ಆಂಟಿಬಾಡಿಗೆ ಗೊತ್ತಿರುವುದು ಒಂದೇ: ಇಲಿಯದು ಎಲ್ಲಿ ಸಿಕ್ಕರೂ ಹಿಡಿ. ಅದು ಪಾಪ ಹೇಳಿದ ಕೆಲಸ ಮಾಡಿತ್ತು. ನಾನು ಹುಡುಕುತ್ತಿದ್ದ ಪ್ರೋಟೀನು ನಿಲ್ಲುವ ಜಾಗದಲ್ಲೇ ಬಲೆಯ ಹಗ್ಗವೂ ಬಂದು ನಿಂತಿತ್ತು.

ಆ ವಾರ ಮತ್ತೆ ಮಾಡಿದೆ, ಈ ಸಲ ಐಜಿಜಿ ಲೇನ್ ಹಾಕಿ. ಎರಡರಲ್ಲೂ ಒಂದೇ ಬ್ಯಾಂಡ್, ಅಷ್ಟೇ ದಪ್ಪ, ಅಷ್ಟೇ ಕಪ್ಪು. ಮೇಡಂಗೆ ಕಳಿಸಿದ ಫೋಟೋ ವಾಪಸ್ ತಗೊಳ್ಳೋಕೆ ಆಗುತ್ತಾ? ಹೋಗಿ ಹೇಳಿಕೊಂಡೆ. ಬೈಯಲಿಲ್ಲ. "ಎಲ್ಲರಿಗೂ ಒಂದ್ಸಲ ಆಗುತ್ತೆ" ಅಂದರು. ನನಗೆ ಅನ್ನಿಸುವುದು, ಅವತ್ತು ಸ್ವಲ್ಪ ಬೈದಿದ್ದರೇ ಚೆನ್ನಾಗಿತ್ತು.

ಬೇಜಾರಿಗೆ ಓದಲು ಕೂತೆ. ಈ ಜೋಡಿ ಗೊತ್ತಾದ ಕಥೆ ನಿಜಕ್ಕೂ ಚೆನ್ನಾಗಿದೆ. 1970ರಲ್ಲಿ ರಾವ್ ಮತ್ತು ಜಾನ್ಸನ್ ಅನ್ನುವ ಇಬ್ಬರು, ಮೈಟೋಸಿಸ್‌ನಲ್ಲಿದ್ದ ಕೋಶವನ್ನೂ ಸುಮ್ಮನೆ ಕೂತಿದ್ದ ಕೋಶವನ್ನೂ ಒಂದಕ್ಕೊಂದು ಬೆಸೆದು ನೋಡಿದರು. ಸುಮ್ಮನಿದ್ದದ್ದರ ಕ್ರೋಮೊಸೋಮುಗಳೂ ಹೊತ್ತಿಗೆ ಮುಂಚೆಯೇ ಮುದುರಿಕೊಂಡವು. ಅಂದರೆ "ಹೊರಡು" ಅನ್ನುವ ಏನೋ ಒಂದು ಆ ಕೋಶದ ರಸದಲ್ಲಿ ಇದೆ. ಅವರು ಬಳಸಿದ್ದೂ ಹೀಲಾ ಕೋಶಗಳನ್ನೇ, ನನ್ನ ಪ್ಲೇಟಿನಲ್ಲಿದ್ದ ಅವೇ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಹೆಣ್ಣುಮಗಳ ಗಡ್ಡೆಯಿಂದ, ಆಕೆಯನ್ನು ಕೇಳದೆ ತೆಗೆದ ಕೋಶಗಳು. ಮೈಸೂರಿನ ಇನ್‌ಕ್ಯುಬೇಟರಿನಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಅದನ್ನು ನೆನೆದಾಗಲೆಲ್ಲ ಪ್ಲೇಟನ್ನು ಸ್ವಲ್ಪ ನಿಧಾನವಾಗಿ ಎತ್ತುತ್ತೇನೆ.

ಮರುವರ್ಷ ಮಸೂಯಿ ಮತ್ತು ಮಾರ್ಕರ್ಟ್ ಕಪ್ಪೆಯ ಮೊಟ್ಟೆಯಲ್ಲಿ ಅದೇ ರೀತಿಯ ಶಕ್ತಿ ಕಂಡರು. ಆದರೆ ಅದು ಯಾವ ಪ್ರೋಟೀನು ಅಂತ ಗೊತ್ತಾಗಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಅಷ್ಟರಲ್ಲಿ ಟಿಮ್ ಹಂಟ್ 1982ರಲ್ಲಿ ಸೀ ಅರ್ಚಿನ್ ಅನ್ನುವ ಕಡಲ ಮುಳ್ಳುಚೆಂಡಿನ ಮೊಟ್ಟೆಗಳಲ್ಲಿ ಒಂದು ಪ್ರೋಟೀನು ಪ್ರತಿ ವಿಭಜನೆಗೂ ಏರಿ, ಆಮೇಲೆ ಥಟ್ಟನೆ ಮಾಯವಾಗುವುದನ್ನು ನೋಡಿದ್ದ. ಅದೇ ಸೈಕ್ಲಿನ್. ಪಾಲ್ ನರ್ಸ್ ಎಡಿನ್‌ಬರೋದಲ್ಲಿ ಒಂದು ಈಸ್ಟಿನ ಹಿಂದೆ ಬಿದ್ದಿದ್ದ. ಪೂರ್ವ ಆಫ್ರಿಕಾದ ಕಿರುಧಾನ್ಯದ ಬೀರಿನಿಂದ ಬಂದ ಈಸ್ಟು ಅದು, ಪೊಂಬೆ ಅಂತ ಹೆಸರು. ಸ್ವಾಹಿಲಿಯಲ್ಲಿ ಪೊಂಬೆ ಅಂದರೆ ಬೀರೇ. ಅದರಲ್ಲಿ ಅವನಿಗೆ ಬೆಳೆಯುವ ಮೊದಲೇ ಎರಡಾಗಿಬಿಡುವ ಕುಳ್ಳ ಕೋಶಗಳು ಸಿಕ್ಕವು. ಕೆಟ್ಟಿದ್ದ ಜೀನಿಗೆ ವೀ ಅಂತ ಹೆಸರಿಟ್ಟ. ಸ್ಕಾಟ್ಲೆಂಡಿನ ಮಾತಲ್ಲಿ ವೀ ಅಂದರೆ ಪುಟ್ಟದು. ನಮ್ಮ ಮಂಡ್ಯದಲ್ಲಿ ಕಂಡುಹಿಡಿದಿದ್ದರೆ ಅದರ ಹೆಸರು ಚೋಟು-1 ಅಂತಿರುತ್ತಿತ್ತೇನೋ.

1987ರಲ್ಲಿ ನರ್ಸ್ ಲ್ಯಾಬಿನವರು ಈಸ್ಟಿನ ಕೆಟ್ಟುಹೋದ ಸಿಡಿಕೆ1 ಜಾಗಕ್ಕೆ ಮನುಷ್ಯನ ಜೀನ್ ಹಾಕಿದರು. ಈಸ್ಟು ಆರಾಮಾಗಿ ವಿಭಜನೆ ಆಯಿತು. ಆ "ಹೊರಡು" ಅನ್ನುವ ಶಕ್ತಿ ಸಿಡಿಕೆ1 ಮತ್ತು ಸೈಕ್ಲಿನ್ ಜೋಡಿಯೇ ಅಂತ ಕೊನೆಗೆ ಗೊತ್ತಾಯಿತು. 2001ರಲ್ಲಿ ಹಂಟ್, ನರ್ಸ್ ಮತ್ತು ಬೇರೊಂದು ಈಸ್ಟಿನಲ್ಲಿ ಇದೇ ಹುಡುಕಾಟ ನಡೆಸಿದ್ದ ಹಾರ್ಟ್‌ವೆಲ್ ಮೂವರಿಗೂ ನೊಬೆಲ್ ಬಂತು.

ಸರಿ, ನನ್ನ ಬ್ಯಾಂಡಿಗೆ ಬರೋಣ. ಅಕ್ಕ ಎರಡು ದಾರಿ ಹೇಳಿದರು. ಒಂದು, ತಿರುಗಿಸಿ ಹಿಡಿ. ಸೈಕ್ಲಿನ್ ಬಿ1ನ್ನು ಮೊಲದ ಆಂಟಿಬಾಡಿಯಲ್ಲಿ ಎಳೆ, ಸಿಡಿಕೆ1ನ್ನು ಇಲಿಯ ಆಂಟಿಬಾಡಿಯಲ್ಲಿ ನೋಡು. ಸಿಡಿಕೆ1 ನಿಲ್ಲುವುದು 34ರಲ್ಲಿ. 55ಕ್ಕೂ 25ಕ್ಕೂ ನಡುವಿನ ಖಾಲಿ ಬಯಲು ಅದು, ಹಗ್ಗದ ತುಂಡು ಅಲ್ಲಿಗೆ ಬರುವುದಿಲ್ಲ. ಎರಡನೆಯದು, ಬೆರೆತ ಕೋಶ ಬೇಡ. ಎಲ್ಲವನ್ನೂ ಒಂದೇ ಬಾಗಿಲಲ್ಲಿ ನಿಲ್ಲಿಸಿ, ಒಟ್ಟಿಗೆ ಬಿಡು.

ಬಾಗಿಲಲ್ಲಿ ನಿಲ್ಲಿಸುವ ಔಷಧಿ ಆರ್‌ಒ-3306. ಸಿಡಿಕೆ1 ಕೆಲಸ ಮಾಡುವ ಗುಂಡಿಯಲ್ಲೇ ಹೋಗಿ ಕೂರುತ್ತದೆ. ಕೋಶ ಡಿಎನ್‌ಎ ನಕಲು ಮುಗಿಸಿ, ಮೈಟೋಸಿಸ್ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ತೊಳೆದರೆ ಹೊರಡುತ್ತದೆ. ಮೊದಲ ಪ್ರಯತ್ನ ಒಂದು ಭಾನುವಾರ ಹಾಳಾಯಿತು. ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಶನಿವಾರ ರಾತ್ರಿಯೇ ಖಾಲಿಯಾಗಿತ್ತು. ಸೋಮವಾರ ಬಾಗಿಲು ತೆಗೆದರೆ ಮೀಡಿಯಂ ಎಲ್ಲ ಜಂಬುನೇರಳೆ ಹಿಂಡಿದ ಬಣ್ಣ. ಸಿಲಿಂಡರಿಗೆ ಎರಡು ವಾರದ ಹಿಂದೆಯೇ ಅರ್ಜಿ ಹಾಕಿದ್ದೆವು, ಅದು ಯಾರದೋ ಟೇಬಲ್ ಮೇಲಿತ್ತು. ಹೆಚ್ಚು ಹೇಳಿದರೆ ಜಗಳವಾಗುತ್ತೆ, ಬಿಡಿ.

ಎರಡನೇ ಸಲ ಸಂಜೆ ನಾಲ್ಕಕ್ಕೆ ಔಷಧಿ ಹಾಕಿದೆ. ಬೆಳಿಗ್ಗೆ ಬೇಗ ಎದ್ದು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಹತ್ತು ಗಂಟೆಗೆ ಲ್ಯಾಬಿನಲ್ಲಿದ್ದೆ. ಬೆಚ್ಚಗಿನ ಮೀಡಿಯಂನಲ್ಲಿ ಮೂರು ಸಲ ತೊಳೆದು, ಪ್ಲೇಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಮೊದಲು ಏನೂ ಇಲ್ಲ. ಹೀಲಾ ಕೋಶಗಳು ಕಾವಲಿಗೆ ಎರಚಿದ ನೀರುದೋಸೆಯಂತೆ ತೆಳ್ಳಗೆ ಹರಡಿಕೊಂಡಿದ್ದವು. ನಡುವೆ ನ್ಯೂಕ್ಲಿಯಸ್ಸು, ಅದರೊಳಗೆ ಎರಡು ಮೂರು ಕಪ್ಪು ಚುಕ್ಕೆ. ಇಪ್ಪತ್ತು ನಿಮಿಷ ಆಯಿತು. ಮತ್ತೆ ಹಾಳಾಯಿತು ಅಂದುಕೊಂಡೆ. ಅರ್ಧ ಗಂಟೆಯ ಹೊತ್ತಿಗೆ ಮೂಲೆಯ ಒಂದು ಕೋಶದ ಅಂಚು ಒಳಕ್ಕೆ ಸರಿಯಿತು. ಕಪ್ಪು ಚುಕ್ಕೆಗಳು ಮಸುಕಾಗಿ ಕಾಣದಾದವು. ನ್ಯೂಕ್ಲಿಯಸ್ಸಿನ ಗೆರೆಯೇ ಅಳಿಸಿಹೋಯಿತು. ಕೋಶ ಕಾಲುಗಳನ್ನು ಎಳೆದುಕೊಂಡು ಗುಂಡಗಾಯಿತು, ಅಂಚು ಫಳಫಳ ಹೊಳೆಯತೊಡಗಿತು. ಅಷ್ಟರಲ್ಲಿ ಪಕ್ಕದ್ದು. ಅದರ ಪಕ್ಕದ್ದು. ಮುಕ್ಕಾಲು ಗಂಟೆಗೆ ಕಣ್ಣು ಹಾಯಿಸಿದಲ್ಲೆಲ್ಲ ಗುಂಡು ಗುಂಡು, ಎಣ್ಣೆಯಲ್ಲಿ ಉಬ್ಬಿ ಎದ್ದ ಬೋಂಡಗಳ ಹಾಗೆ. ಎಷ್ಟೋ ಕೋಶಗಳ ನಡುವೆ ಕ್ರೋಮೊಸೋಮುಗಳು ಅಡ್ಡಗೆರೆಯಾಗಿ ಸಾಲುಗಟ್ಟುತ್ತಿದ್ದವು. ಪ್ಲೇಟಿನ ಪಕ್ಕೆಗೆ ಅಂಗೈಯಿಂದ ತಟ್ಟಿದರೆ ಸಾಕು, ಗುಂಡಗಾದವು ಬಿಟ್ಟುಕೊಂಡು ತೇಲುತ್ತವೆ. ಅವನ್ನು ಎತ್ತಿಕೊಂಡೆ.

ಅವತ್ತು ನಾಲ್ಕು ಬಗೆಯ ರಸ ಕೂಡಿಟ್ಟೆ. ಬೆರೆತದ್ದು. ಹೊಸ್ತಿಲಲ್ಲಿ ನಿಂತದ್ದು. ಮೈಟೋಸಿಸ್‌ನಲ್ಲಿದ್ದದ್ದು. ಔಷಧಿ ತೊಳೆದು ಮೂರು ಗಂಟೆ ಆದದ್ದು, ಅಂದರೆ ಎರಡಾಗಿ ಮುಗಿಸಿದ್ದು. ಜೊತೆಗೆ ಮೊಲದ ಐಜಿಜಿ ಲೇನು. ಬೀಡ್ಸ್ ಇಡೀ ರಾತ್ರಿ ಫ್ರಿಜ್ಜಿನೊಳಗೆ ತಿರುಗಿದವು.

ಎರಡು ದಿನ ಬಿಟ್ಟು ಫಿಲ್ಮ್ ತೊಳೆದಾಗ ಕುಣಿಯಲಿಲ್ಲ. ಮೊದಲು ನೋಡಿದ್ದು ಐಜಿಜಿ ಲೇನು. ಖಾಲಿ. ಆಮೇಲೆ 34ರ ಸಾಲು. ಬೆರೆತದ್ದರಲ್ಲಿ ತೆಳ್ಳಗೆ ಒಂದು ಗೆರೆ. ಹೊಸ್ತಿಲದ್ದರಲ್ಲಿ ಕಪ್ಪಗೆ. ಮೈಟೋಸಿಸ್‌ನದ್ದರಲ್ಲೂ ಅಷ್ಟೇ ಕಪ್ಪಗೆ. ಮೂರು ಗಂಟೆಯದ್ದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ನನಗೆ ತಲೆ ಕೆಟ್ಟಿದ್ದು ಹೊಸ್ತಿಲದ್ದು, ಮೈಟೋಸಿಸ್‌ನದ್ದು ಈ ಎರಡು ಲೇನು ನೋಡಿ. ಜೋಡಿ ಸೇರಿದಾಗ ಕೋಶ ಹೊರಡುತ್ತದೆ ಅಂತಲ್ಲವಾ ನಾನು ಅಂದುಕೊಂಡಿದ್ದು? ಇಲ್ಲಿ ನೋಡಿದರೆ ಹೊರಡದೆ ನಿಂತ ಕೋಶದಲ್ಲೂ ಜೋಡಿ ಆಗಲೇ ಕೂಡಿತ್ತು. ಅದೇ ರಸವನ್ನು ಇನ್ನೊಂದು ಆಂಟಿಬಾಡಿಯಲ್ಲಿ ನೋಡಿದೆ. ಸಿಡಿಕೆ1ರ 15ನೇ ಸ್ಥಾನದಲ್ಲಿರುವ ಟೈರೋಸಿನ್ ಅನ್ನುವ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಇದ್ದರೆ ಮಾತ್ರ ಅದು ಹಿಡಿಯುತ್ತೆ. ಹೊಸ್ತಿಲದ್ದರಲ್ಲಿ ಗಟ್ಟಿಯಾಗಿ ಬಂತು. ಮೈಟೋಸಿಸ್‌ನದ್ದರಲ್ಲಿ ಕಂಡೂ ಕಾಣದಂತೆ ಇತ್ತು.

ಆ ಫಾಸ್ಫೇಟೇ ಬೀಗ. ಬೀಗ ಹಾಕುವುದು ವೀ1, ನರ್ಸ್ ಹೆಸರಿಟ್ಟ ಆ ಜೀನಿನ ಪ್ರೋಟೀನು. ತೆಗೆಯುವುದು ಸಿಡಿಸಿ25 ಅನ್ನುವ ಇನ್ನೊಂದು ಪ್ರೋಟೀನು. ಸೈಕ್ಲಿನ್ ಗಂಟೆಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತದೆ, ಸಿಡಿಕೆ1ನ್ನು ಹಿಡಿಯುತ್ತಾ ಹೋಗುತ್ತದೆ, ವೀ1 ಬೀಗ ಹಾಕುತ್ತಾ ಹೋಗುತ್ತದೆ. ಡಿಎನ್‌ಎ ಎಲ್ಲಾದರೂ ಹರಿದಿದ್ದರೆ ಬೀಗ ತೆಗೆಯುವ ಸಿಡಿಸಿ25ನ್ನೇ ಕಟ್ಟಿಹಾಕುವವರು ಬೇರೆ ಇದ್ದಾರೆ. ಎಲ್ಲ ಸರಿಯಿದ್ದಾಗ ಎಲ್ಲೋ ಒಂದಿಷ್ಟು ಬೀಗ ಕಳಚುತ್ತವೆ. ಬಿಡುಗಡೆಯಾದ ಸಿಡಿಕೆ1 ಸುಮ್ಮನಿರುವುದಿಲ್ಲ. ಹೋಗಿ ವೀ1ನ ಬಾಯಿ ಮುಚ್ಚಿಸುತ್ತದೆ, ಸಿಡಿಸಿ25ನ್ನು ಇನ್ನೂ ಚುರುಕು ಮಾಡುತ್ತದೆ. ಮತ್ತಷ್ಟು ಬೀಗ ಕಳಚುತ್ತವೆ. ಅಲ್ಲಿಂದ ಮುಂದೆ ವಾಪಸ್ ಬರುವ ಮಾತಿಲ್ಲ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನಮ್ಮದು ಮಂಡ್ಯ ಕಡೆ, ವಿ.ಸಿ. ನಾಲೆಯ ನೀರಲ್ಲಿ ಕಬ್ಬು. ನಾಲ್ಕು ತಿಂಗಳಿಂದ "ಅದೇನವ್ವ ನೀನು ಮಾಡ್ತಿರದು?" ಅಂತ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಅವತ್ತು ಪೂರ್ತಿ ಕೇಳಿಸಿಕೊಂಡರು.

"ಗಂಡಿ ಬಿದ್ದಂಗೆ ಅನ್ನು. ಏರಿಲಿ ಮೊದ್ಲು ಬೆಟ್ಟು ತೂರೋವಷ್ಟು ತೂತ ಇರ್ತದೆ ಕಣವ್ವ. ನೀರು ನುಗ್ತಾ ನುಗ್ತಾ ಅದ್ನ ಅದೇ ಅಗಲ ಮಾಡ್ಕತದೆ. ಆಮೇಕೆ ಮಂಕರಿಗಟ್ಲೆ ಮಣ್ಣು ಸುರುದ್ರೂ ನಿಲ್ಲಾಕಿಲ್ಲ."

ಇಷ್ಟು ಚೆನ್ನಾಗಿ ನನಗೆ ಯಾವ ರಿವ್ಯೂ ಪೇಪರೂ ಹೇಳಿರಲಿಲ್ಲ. ಅಪ್ಪನ ಗಂಡಿಗೂ ಇದಕ್ಕೂ ಒಂದೇ ವ್ಯತ್ಯಾಸ. ಗಂಡಿ ಬಿದ್ದರೆ ಊರಿಗೆ ನಷ್ಟ. ಕೋಶಕ್ಕೆ ಬೇಕಿರುವುದೇ ಅದು. ಅರ್ಧ ಮೈಟೋಸಿಸ್ ಅಂತ ಒಂದಿಲ್ಲ. ಕ್ರೋಮೊಸೋಮು ಅರ್ಧಂಬರ್ಧ ಮುದುರಿ ನಿಂತರೆ ಕೋಶದ ಗತಿ ಮುಗಿಯಿತು. ಕೆಲಸ ಆದ ಮೇಲೆ ನೀರು ನಿಲ್ಲಿಸುವ ಏರ್ಪಾಡೂ ಇದೆ. ಕ್ರೋಮೊಸೋಮುಗಳು ಬೇರೆಯಾಗುವ ಹೊತ್ತಿಗೆ ಸೈಕ್ಲಿನ್ ಬಿಯನ್ನೇ ಚೂರು ಮಾಡಿ ಮುಗಿಸುತ್ತಾರೆ. ನನ್ನ ಮೂರು ಗಂಟೆಯ ಲೇನು ಖಾಲಿ ಬಂದಿದ್ದು ಅದಕ್ಕೇ. ಸಿಡಿಕೆ1 ಎಲ್ಲೂ ಹೋಗಿರಲಿಲ್ಲ, ಹಿಡಿದುಕೊಳ್ಳಲು ಸಂಗಾತಿ ಇರಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಫಿಲ್ಮನ್ನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು. "ಹೊಸ್ತಿಲಲ್ಲಿ ಕೋಶನ ನಿಲ್ಲಿಸಿದ್ದು ವೀ1ಆ, ನಿನ್ನ ಔಷಧಿನಾ?"

ಬೆವರು ಬಂತು. ಸತ್ಯವನ್ನೇ ಹೇಳಿದೆ. ನಿಲ್ಲಿಸಿದ್ದು ಔಷಧಿ ಸಾರ್. ಔಷಧಿ ಕೂತ ಮೇಲೆ ಸಿಡಿಕೆ1 ಕೆಲಸ ಮಾಡೋಕಾಗಲ್ಲ, ತನ್ನ ಬೀಗ ತಾನೇ ಕಳಚಿಕೊಳ್ಳೋಕೂ ಆಗಲ್ಲ, ಅದಕ್ಕೇ ಫಾಸ್ಫೇಟ್ ಹಾಗೇ ಉಳೀತು. ಬೀಗ ಒಂದೇ ಸಾಕಾಗುತ್ತಿತ್ತಾ ಅನ್ನೋದು ಈ ಫಿಲ್ಮಿಂದ ಗೊತ್ತಾಗಲ್ಲ. ಅದಕ್ಕೆ ವೀ1ನ್ನು ತಡೆಯುವ ಔಷಧಿ ಬೇರೆ ಹಾಕಿ, ಕೋಶ ಹೊತ್ತಿಗೆ ಮುಂಚೆ ಹೊರಡುತ್ತಾ ಅಂತ ನೋಡಬೇಕಿತ್ತು. ದುಡ್ಡಿರಲಿಲ್ಲ.

"ದುಡ್ಡಿರಲಿಲ್ಲ ಅನ್ನೋದನ್ನ ಡಿಸ್ಕಷನ್‌ನಲ್ಲಿ ಬರೀಬೇಡ" ಅಂದರು ಪರೀಕ್ಷಕರು. ಮೇಡಂ ನಕ್ಕರು.

ತಿದ್ದುಪಡಿ ಮುಗಿಸಿ ಬೈಂಡಿಂಗ್ ಅಂಗಡಿಗೆ ಹೋದೆ. ಮೂರು ಪ್ರತಿ, ರಟ್ಟಿನ ಮೇಲೆ ಚಿನ್ನದ ಅಕ್ಷರ. ಹಾಳೆಗಳನ್ನು ಸರಿಮಾಡುತ್ತಿದ್ದ ಅಣ್ಣ ಚಿತ್ರದ ಪುಟಕ್ಕೆ ಬಂದು ನಿಂತರು.

"ಮೇಡಂ, ಇದ್ರಲ್ಲಿ ಮೊದಲ್ನೇ ಪಟ್ಟಿ ಪ್ರಿಂಟೇ ಬಂದಿಲ್ಲ ನೋಡಿ. ಪಕ್ಕದಲ್ಲೆಲ್ಲ ಕಪ್ಪಗೈತೆ, ಇಲ್ಲಿ ಮಾತ್ರ ಖಾಲಿ. ಇನ್ನೊಂದ್ಸಲ ಹೊಡ್ಕೊಡ್ಲಾ?"

"ಬೇಡ ಅಣ್ಣ" ಅಂದೆ. "ಅದು ಖಾಲಿನೇ ಇರಬೇಕು."